ಸುಂದರಬನದಲ್ಲಿ ಮೂರು ದಿನ

ಸುಂದರಬನಕ್ಕೆ ಹೋಗಿ ಬಂದೆ ಎಂದೊಡನೆ ಯಾರೇ ಆಗಲಿ ಕೇಳುವ ಮೊದಲ ಪ್ರಶ್ನೆ, "ಹುಲಿ ಕಂಡಿತೇ?" ಎಂಬುದು. ಕಾಣಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಲಿಗಾಗಿಯೇ ಓದಲು ಕುಳಿತವರು ಇಲ್ಲಿಗೇ ನಿಲ್ಲಿಸಬಹುದು, ಉಳಿದವರು ನನ್ನೊಡನೆ ದೋಣಿ ಹತ್ತಬಹುದು. ಇದು 2018ರ ಡಿಸೆಂಬರಿನ ಪ್ರವಾಸ. ಇಷ್ಟು ವರ್ಷ ಇದರ ಬಗ್ಗೆ ಬರೆಯದೇ ಇದ್ದುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಬರೆಯಬೇಕಾದುದು ಸುಂದರಬನವೊಂದನ್ನೇ ಆಗಿದ್ದರೆ ಎಂದೋ ಬರೆದು ಮುಗಿಸುತ್ತಿದ್ದೆ.

ಕಲ್ಕತ್ತೆಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಾಲ್ಕಾರು ವರ್ಷಗಳಿಂದ ಕರೆಯುತ್ತಲೇ ಇದ್ದ. "ಮಾಸ್ತರೇ, ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಕಾಂಡ್ಲಾ ಗಿಡದ ಉಸಿರುಬೇರಿನ ಚಿತ್ರ ಬರೆದಿರಿ. ಒಮ್ಮೆ ಬನ್ನಿ, ಅದರ ದೊಡ್ಡಮನೆ ತೋರಿಸುತ್ತೇನೆ" ಎಂಬುದು ಅವನ ಮಾತು. ನನ್ನ ತರಗತಿಯಲ್ಲಿ ಕುಳಿತವರಿಗೆ ಆ ಚಿತ್ರ ನೆನಪಿರಬಹುದು: ಕೆಸರಿಗೆ ಕಂದು ಸುಣ್ಣದಕಡ್ಡಿ, ಬೇರಿಗೆ ಬಿಳಿಯದು, ಬಾಣದ ಗುರುತು ಹಾಕಿ 'ಗಾಳಿ' ಎಂಬ ಬರಹ. ವಿಚಿತ್ರವೆಂದರೆ ನಮ್ಮ ಶಾಲೆಯ ಹಿಂದೆ ಹತ್ತು ನಿಮಿಷ ನಡೆದರೆ ಅಘನಾಶಿನಿಯ ದಂಡೆಯಲ್ಲಿ ನಿಜವಾದ ಕಾಂಡ್ಲಾ ಗಿಡಗಳೇ ಇದ್ದವು. ಸಮವಸ್ತ್ರ ಕೆಸರಾಗುತ್ತದೆಂಬ ಕಾರಣಕ್ಕೆ ನಾನು ನಿಮ್ಮನ್ನು ಒಮ್ಮೆಯೂ ಅಲ್ಲಿಗೆ ಕರೆದೊಯ್ಯಲಿಲ್ಲ. ನಿಮ್ಮಲ್ಲಿ ಅರ್ಧಕ್ಕರ್ಧ ಮಂದಿ ಆ ಕೆಸರಿನಿಂದಲೇ ಎದ್ದು ಶಾಲೆಗೆ ಬರುತ್ತಿದ್ದಿರಿ ಎಂಬುದು ಬೇರೆ ಮಾತು!

ಮಂಡಿನೋವಿನ ದೆಸೆಯಿಂದ ನಮ್ಮ ಮನೆಯವರು ಬರಲಿಲ್ಲ. ನಾನೊಬ್ಬನೇ ಹೊರಟೆ.

ಸಿಯಾಲ್‌ದಾ ನಿಲ್ದಾಣದಿಂದ ಕ್ಯಾನಿಂಗ್ ಎಂಬ ಊರಿಗೆ ಲೋಕಲ್ ರೈಲು. ವೈಸ್‌ರಾಯ್ ಲಾರ್ಡ್ ಕ್ಯಾನಿಂಗ್‌ನ ಹೆಸರು ಹೊತ್ತ ಈ ಊರನ್ನು ಕಲ್ಕತ್ತೆಗೆ ಸರಿಸಾಟಿಯಾದ ಬಂದರನ್ನಾಗಿ ಮಾಡಬೇಕೆಂದು ಬ್ರಿಟಿಷರು ಹೊರಟಿದ್ದರಂತೆ. ಹೆನ್ರಿ ಪಿಡಿಂಗ್ಟನ್ ಎಂಬವನು, ಮಾತ್ಲಾ ನದಿಯ ಬಾಯಲ್ಲಿ ಬಂದರು ಕಟ್ಟಬೇಡಿ, ಒಂದು ದಿನ ಬಿರುಗಾಳಿಯ ಅಲೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋದೀತು ಎಂದು 1853ರಲ್ಲೇ ಎಚ್ಚರಿಸಿದ್ದ. ನಾವು ಇಂದು ಬಳಸುವ 'ಸೈಕ್ಲೋನ್' ಎಂಬ ಶಬ್ದವನ್ನು ಟಂಕಿಸಿದವನೂ ಅವನೇ. ದೊರೆಗಳು ಕೇಳಲಿಲ್ಲ. 1867ರ ಬಿರುಗಾಳಿಯಲ್ಲಿ ಬಂದರು ಹಾಳಾಯಿತು. ಈಗ ಅಲ್ಲಿರುವುದು ಮೀನಿನ ಬುಟ್ಟಿಗಳ ವಾಸನೆ, ಸೈಕಲ್ ಗಾಡಿಗಳು ಮತ್ತು ರೈಲು ಬಂದಾಗಲೆಲ್ಲ ಮನೆಗೆಲಸಕ್ಕೆಂದು ನಗರಕ್ಕೆ ಧಾವಿಸುವ ಹೆಂಗಸರ ಗುಂಪು.

ಅಲ್ಲಿಂದ ವಾಹನದಲ್ಲಿ ಗೋದ್‌ಖಾಲಿ, ಹೊಳೆ ದಾಟಿದರೆ ಗೋಸಾಬಾ. ಗೋವು, ಸಾಪ್ ಅಂದರೆ ಹಾವು, ಬಾಘ್ ಅಂದರೆ ಹುಲಿ, ಈ ಮೂರೂ ಸೇರಿ ಗೋಸಾಬಾ ಆಯಿತೆಂದು ಊರವರು ನಗುತ್ತ ಹೇಳುತ್ತಾರೆ. ಭಾಷಾಶಾಸ್ತ್ರಜ್ಞರು ಒಪ್ಪುವರೋ ಇಲ್ಲವೋ, ಊರಿನ ವಿವರಣೆಯಂತೂ ಪೂರ್ಣವಾಗಿದೆ. ಸ್ಕಾಟ್ಲೆಂಡಿನ ಡೇನಿಯಲ್ ಹ್ಯಾಮಿಲ್ಟನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಲ್ಲಿ ಸಹಕಾರ ತತ್ವದ ಮೇಲೆ ಹಳ್ಳಿಗಳನ್ನು ನೆಲೆಗೊಳಿಸಿದ. ಸಾಹುಕಾರರ ಬಡ್ಡಿಯಿಂದ ಬಿಡಿಸಲು ತನ್ನದೇ ಒಂದು ರೂಪಾಯಿಯ ನೋಟನ್ನೂ ಅಚ್ಚು ಹಾಕಿಸಿದ್ದ. ರವೀಂದ್ರನಾಥ ಠಾಕೂರರು 1932ರಲ್ಲಿ ಬಂದು ಉಳಿದ ಮರದ ಬಂಗಲೆ ಇನ್ನೂ ಇದೆ. ಈ ಮಹನೀಯನ ಬಗ್ಗೆ ಇನ್ನೊಮ್ಮೆ ಬರೆಯುವೆ.

ದೋಣಿ ಎಂದೆ; ಅದು ಡೀಸೆಲ್ ಯಂತ್ರದ ಎರಡಂತಸ್ತಿನ ಲಾಂಚು. ಚುಕ್ಕಾಣಿ ಹಿಡಿದವನು ಒಬ್ಬ, ಮಾರ್ಗದರ್ಶಕನೊಬ್ಬ, ಅಡಿಗೆಗೆ ಎಲ್ಲರೂ 'ಮಾಶಿ' ಎಂದು ಕರೆಯುತ್ತಿದ್ದ ನಲವತ್ತೈದರ ಹೆಂಗಸು, ಹಗ್ಗ ಎಸೆಯಲು ಮತ್ತು ಚಹ ಕೊಡಲು ಆಕೆಯ ಹದಿನೈದು ಹದಿನಾರರ ಮಗ. ನಾವು ಮೂರು ದಿನ ಇವರ ವಶ.

ನೀರು ಮತ್ತು ಮಣ್ಣಿನ ಆ ಲೋಕವನ್ನು ನಾನೇನು ವರ್ಣಿಸಲಿ! ಗಂಗೆ, ಬ್ರಹ್ಮಪುತ್ರ, ಮೇಘನಾ ಮೂವರೂ ಹೊತ್ತು ತಂದ ಹೂಳಿನ ಮೇಲೆ ಸುಮಾರು ಹತ್ತು ಸಾವಿರ ಚದರ ಕಿಲೋಮೀಟರುಗಳಷ್ಟು ಕಾಡು; ಅದರಲ್ಲಿ ಹೆಚ್ಚಿನ ಪಾಲು ಬಾಂಗ್ಲಾದೇಶದಲ್ಲಿ, ಉಳಿದುದು ನಮ್ಮಲ್ಲಿ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಇತ್ತು, ಸುಂದರಬನವೂ ಇತ್ತು. ಆದರೆ ಎರಡಕ್ಕೂ ಹೋಲಿಕೆಯಿಲ್ಲ. ಬಂಡೀಪುರದಲ್ಲಿ ರಸ್ತೆಯಿದೆ, ಜೀಪಿದೆ, ಹುಲಿ ದಾರಿ ದಾಟುವ ಸಂಭವವಿದೆ. ಇಲ್ಲಿ ರಸ್ತೆಯೆಲ್ಲ ನೀರು. ಕಾವಲುಗೋಪುರಗಳಲ್ಲಿ ಬಿಟ್ಟರೆ ನೆಲಕ್ಕೆ ಕಾಲಿಡುವಂತಿಲ್ಲ. ಆ ಗೋಪುರಗಳಲ್ಲೂ ಬೇಲಿಯೊಳಗೆ ನಾವು, ಹೊರಗೆ ಪ್ರಾಣಿಗಳು. ಮೃಗಾಲಯದಲ್ಲಿ ಪಂಜರದ ಬಾಗಿಲನ್ನು ತಿರುಗಿಸಿ ಇಟ್ಟಂತೆ.

ಮೊದಲ ದಿನ ಸಜ್ನೇಖಾಲಿ, ಎರಡನೆಯ ದಿನ ಸುಧನ್ಯಖಾಲಿ ಮತ್ತು ದೋಬಾಂಕಿ. ಸುಧನ್ಯಖಾಲಿಯ ಗೋಪುರದೆದುರು ಸಿಹಿನೀರಿನ ಕೊಳವೊಂದಿದೆ. ಹುಲಿ ಉಪ್ಪುನೀರನ್ನೂ ಕುಡಿದು ಬದುಕಬಲ್ಲದಾದರೂ ಸಿಹಿನೀರಿಗೆ ಬರುತ್ತದೆಂಬ ಆಸೆಯಿಂದ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ. ನಮಗೆ ಕಂಡದ್ದು ಚುಕ್ಕೆ ಜಿಂಕೆಗಳು, ಒಂದು ಉಡ, ಮತ್ತು ಗೋಪುರದ ಮೇಲೆ ಗದ್ದಲ ಮಾಡುತ್ತಿದ್ದ ನಮ್ಮಂಥವರೇ ನಲವತ್ತು ಮಂದಿ. ಆ ಗದ್ದಲಕ್ಕೆ ಹುಲಿಯಿರಲಿ, ಕಿವಿಯಿರುವ ಯಾವ ಪ್ರಾಣಿಯೂ ಬರಲಾರದು.

ನನ್ನ ಕಣ್ಣು ಮಾತ್ರ ಬೇರುಗಳ ಮೇಲಿತ್ತು. ನೀರು ಇಳಿದಾಗ ದಂಡೆಯುದ್ದಕ್ಕೂ ಕೆಸರಿನಿಂದ ಮೊಳದುದ್ದ ಮೊಳೆಗಳಂತೆ ನೆಟ್ಟಗೆ ನಿಂತ ಉಸಿರುಬೇರುಗಳು, ಸಾವಿರ, ಹತ್ತು ಸಾವಿರ. ಕೆಸರಿನಲ್ಲಿ ಗಾಳಿಯಿಲ್ಲವಾದ್ದರಿಂದ ಬೇರು ಮೇಲೆದ್ದು ಉಸಿರಾಡುತ್ತದೆ ಎಂದು ಎಷ್ಟು ಸುಲಭವಾಗಿ ಹೇಳಿಕೊಡುತ್ತಿದ್ದೆ! ಆ ಈಟಿಗಳ ನಡುವೆ ಮನುಷ್ಯ ಓಡಲಾರ, ಹುಲಿ ಓಡಬಲ್ಲುದು ಎಂಬುದು ನನ್ನ ಪಾಠದಲ್ಲಿರಲಿಲ್ಲ. ಗೋರಾನ್ ಎಂಬ ಗಿಡದ ಬೀಜ ತಾಯಿಮರದ ಮೇಲಿರುವಾಗಲೇ ಮೊಳೆತು, ಕೋಲಿನಂತೆ ಜೋತು, ಬಿದ್ದ ಬಳಿಕ ಬೇರೂರುತ್ತದೆ. ಗೇವಾ ಮರದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಹೇಂತಾಲ್ ಎಂಬ ಈಚಲಿನ ಜಾತಿಯ ಗಿಡದ ಒಣಗಿದ ಹಳದಿ ಗರಿಗಳ ನಡುವೆ ಹುಲಿ ಮಲಗಿದರೆ ಹತ್ತು ಮಾರು ದೂರದಿಂದಲೂ ಕಾಣದು. ಕಾಡಿಗೆ ಹೆಸರು ಕೊಟ್ಟ ಸುಂದರಿ ಮರವೇ ನಮ್ಮ ಭಾಗದಲ್ಲಿ ಅಪರೂಪ. ಗಂಗೆಯ ಸಿಹಿನೀರಿನ ಹರಿವು ಕಾಲಕ್ರಮದಲ್ಲಿ ಪೂರ್ವಕ್ಕೆ ಸರಿದು, ಈ ಕಡೆ ಉಪ್ಪು ಹೆಚ್ಚಿತು. ಸುಂದರಿಗೆ ಅಷ್ಟು ಉಪ್ಪು ಒಗ್ಗದು.

ಎರಡನೆಯ ದಿನ ಮಧ್ಯಾಹ್ನ ನಾನು ಆ ಪ್ರಶ್ನೆ ಕೇಳಿದೆ. ಮಾಶಿ ಲಾಂಚಿನ ಹಿಂಬದಿಯಲ್ಲಿ ಕುಳಿತು ಮೀನು ಹೆಚ್ಚುತ್ತಿದ್ದಳು. ನಮ್ಮ ಕಡೆಯ ಮೆಟ್ಟುಗತ್ತಿಯಂಥದೇ ಕತ್ತಿ, ಕಾಲಿನಿಂದ ಅದುಮಿ ಹಿಡಿದು ಹೆಚ್ಚುವ ರೀತಿಯೂ ಅದೇ. ನಾನು ಮೀನು ತಿನ್ನದವನೆಂದು ತಿಳಿದು ಮೊದಲ ದಿನ ಆಕೆಗೆ ನನ್ನ ಬಗ್ಗೆ ಮರುಕವೇ ಹುಟ್ಟಿತ್ತು. ನನಗಾಗಿ ಗಸಗಸೆ ಅರೆದು ಬಟಾಟೆಯ ಪಲ್ಯ ಬೇರೆಯಾಗಿ ಮಾಡುತ್ತಿದ್ದಳು. ಆ ಸಲಿಗೆಯಲ್ಲಿ, "ನೀವು ಹುಲಿ ನೋಡಿದ್ದೀರಾ?" ಎಂದು ಕೇಳಿದೆ. ಶಿಷ್ಯ ಬಂಗಾಳಿಯಲ್ಲಿ ಹೇಳಿದ. ಆಕೆ ತಲೆಯೆತ್ತಲಿಲ್ಲ. ಮಾರ್ಗದರ್ಶಕ ನನ್ನ ಶಿಷ್ಯನ ತೋಳು ಮುಟ್ಟಿ ಏನೋ ಪಿಸುಗುಟ್ಟಿದ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಹೇಳಿದಳು: "ನಾನು ನೋಡಿಲ್ಲ. ಹುಡುಗನ ಅಪ್ಪ ನೋಡಿದರು."

2011ರಲ್ಲಿ ಮೂವರು ಸೇರಿ ಸಣ್ಣ ದೋಣಿಯಲ್ಲಿ ಏಡಿ ಹಿಡಿಯಲು ಹೋಗಿದ್ದರಂತೆ. ನೀರು ಇಳಿಯುವ ಹೊತ್ತು, ಕಿರಿದಾದ ಕೊಲ್ಲಿ. ಹಿಂದಿನಿಂದ ಬಂತು. ಉಳಿದಿಬ್ಬರು ಹುಟ್ಟಿನಿಂದ ಬಡಿದು, ಕೂಗಿ, ದೇಹವನ್ನಾದರೂ ಬಿಡಿಸಿಕೊಂಡು ತಂದರು. ಹೋಗಿದ್ದ ಜಾಗ ನಿಷೇಧಿತ ಪ್ರದೇಶ. ಪರಿಹಾರ ಕೇಳಿದರೆ ದಂಡ ಕಟ್ಟಬೇಕಾದೀತು, ಉಳಿದಿಬ್ಬರಿಗೂ ತೊಂದರೆಯಾದೀತು ಎಂದು ಆಕೆ ಯಾವ ಕಚೇರಿಗೂ ಹೋಗಲಿಲ್ಲ. ಇಂಥ ಹೆಂಗಸರಿಗೆ ಅಲ್ಲಿ ಒಂದು ಹೆಸರೇ ಇದೆ: 'ಬಾಘ್ ಬಿಧವಾ', ಹುಲಿವಿಧವೆ. ಗಂಡನನ್ನು ತಿಂದವಳು ಎಂಬ ಇನ್ನೂ ಕೆಟ್ಟ ಮಾತೂ ಇದೆ. (ಕಾಡಿನ ಯಾವ ಭಾಗದಲ್ಲಿ ಸತ್ತರೂ ಪರಿಹಾರ ಕೊಡಬೇಕೆಂದು ಕಲ್ಕತ್ತಾ ಉಚ್ಚ ನ್ಯಾಯಾಲಯ ಇಂಥ ಒಬ್ಬ ಹೆಂಗಸಿನ ಪರವಾಗಿ 2023ರಲ್ಲಿ ಆದೇಶ ನೀಡಿದ್ದನ್ನು ಓದಿದಾಗ ನನಗೆ ಮಾಶಿಯ ನೆನಪಾಯಿತು.)

ಆ ಮಧ್ಯಾಹ್ನದ ಊಟ ನನಗೆ ಸೇರಲಿಲ್ಲ. ಹಣ ಕೊಟ್ಟು ದೂರದರ್ಶಕ ಹಿಡಿದು, ಕಾಣಲಿ ಕಾಣಲಿ ಎಂದು ನಾನು ಎರಡು ದಿನದಿಂದ ಹಾರೈಸುತ್ತಿದ್ದುದು, ಕಾಣದಿರಲಿ ಎಂದು ಆ ಊರಿನ ಮನೆಮನೆಯೂ ಬೇಡಿಕೊಳ್ಳುವ ಪ್ರಾಣಿಯನ್ನು.

ಬೇಡಿಕೊಳ್ಳುವುದು ಬೋನ್‌ಬೀಬಿಯನ್ನು. ಸಜ್ನೇಖಾಲಿಯಲ್ಲೇ ಆಕೆಯ ಗುಡಿಯಿದೆ. ಬನದ ಈ ಬೀಬಿಗೆ ಹಿಂದೂಗಳೂ ಮುಸಲ್ಮಾನರೂ ಕೈಮುಗಿದೇ ಕಾಡಿಗೆ ಹೋಗುತ್ತಾರೆ. ಆಕೆಯ ಕಥೆಯ ಪುಸ್ತಕ ಬಂಗಾಳಿಯಲ್ಲಿದ್ದರೂ ಅರಬ್ಬಿಯಂತೆ ಬಲದಿಂದ ಪುಟ ತೆರೆಯುತ್ತದೆಯಂತೆ. ದುಖೆ ಎಂಬ ಬಡ ವಿಧವೆಯ ಮಗನನ್ನು ಜೇನು ಕೀಳಲು ಕರೆದೊಯ್ದ ಚಿಕ್ಕಪ್ಪ, ದೋಣಿ ತುಂಬ ಜೇನುಮೇಣಗಳ ಆಸೆಗೆ ಹುಲಿರೂಪದ ದಕ್ಷಿಣರಾಯನಿಗೆ ಅವನನ್ನು ಒಪ್ಪಿಸಿ ಬಿಟ್ಟುಹೋಗುತ್ತಾನೆ. ಹುಡುಗ ತಾಯಿ ಹೇಳಿಕೊಟ್ಟಂತೆ ಬೋನ್‌ಬೀಬಿಯನ್ನು ಕೂಗುತ್ತಾನೆ. ಆಕೆ ಉಳಿಸಿ, ಮೊಸಳೆಯ ಬೆನ್ನಿನ ಮೇಲೆ ಮನೆಗೆ ಕಳಿಸುತ್ತಾಳೆ. ಕಾಡಿನೊಳಗೆ ಹುಲಿಯ ಹೆಸರೆತ್ತುವುದಿಲ್ಲ, 'ಮಾಮಾ' ಎನ್ನುತ್ತಾರೆ. ನಮ್ಮ ಅಜ್ಜಿ ಕತ್ತಲಾದ ಮೇಲೆ ಹಾವು ಎನ್ನದೆ 'ಹುಳ' ಎನ್ನುತ್ತಿದ್ದುದು ನೆನಪಾಯಿತು. ನಮ್ಮ ಜಿಲ್ಲೆಯಲ್ಲೂ ಹುಲಿದೇವರ ಕಲ್ಲುಗಳಿವೆಯಲ್ಲ. ದನ ಮೇಯಿಸುವವರು ಅದಕ್ಕೆ ಕಾಯಿ ಒಡೆಯುತ್ತಿದ್ದರು. ವಿಜ್ಞಾನ ಮಾಸ್ತರನಾದ ನಾನು ಅದನ್ನು ಮೂಢನಂಬಿಕೆಗಳ ಪಟ್ಟಿಯಲ್ಲಿ ಮೂರನೆಯದಾಗಿ ಬರೆಸುತ್ತಿದ್ದೆ. 1986ರ ಸುಮಾರಿಗೆ ಅರಣ್ಯ ಇಲಾಖೆಯವರು, ಹುಲಿ ಹಿಂದಿನಿಂದಲೇ ಎರಗುತ್ತದೆಂದು, ಮನುಷ್ಯಮುಖದ ಮುಖವಾಡವನ್ನು ತಲೆಯ ಹಿಂಬದಿಗೆ ಕಟ್ಟಿಕೊಳ್ಳಲು ಕೊಟ್ಟಿದ್ದರು. ಕೆಲಕಾಲ ಅದರಿಂದ ಉಪಯೋಗವಾಯಿತೆನ್ನುತ್ತಾರೆ. ಮುಖವಾಡ ಕಟ್ಟಿಕೊಂಡವರು ಬೋನ್‌ಬೀಬಿಯನ್ನು ಬಿಟ್ಟಿರಲಿಕ್ಕಿಲ್ಲ.

ಮೂರನೆಯ ಬೆಳಿಗ್ಗೆ ಮಾಶಿ ಚಹ ತಂದುಕೊಟ್ಟು, "ಮಾಸ್ಟರ್ ಮಶಾಯ್, ನೀವು ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಎಂಟನೆಯದಕ್ಕೆ ಶಾಲೆ ಬಿಟ್ಟ" ಎಂದಳು. ಹುಡುಗ ಹಗ್ಗ ಸುತ್ತುತ್ತ ಬೇರೆಡೆ ನೋಡುತ್ತಿದ್ದ. ಮೂವತ್ತನಾಲ್ಕು ವರ್ಷ ಬುದ್ಧಿ ಹೇಳಿಯೇ ಸಂಬಳ ಪಡೆದ ನನಗೆ ಆ ಹೊತ್ತಿಗೆ ಒಂದು ಮಾತೂ ಹೊಳೆಯಲಿಲ್ಲ. ಏನಾದರೂ ಕೇಳಬೇಕಲ್ಲ ಎಂದು, ಶಾಲೆ ಏಕೆ ಬಿಟ್ಟೆ ಎಂದು ಕೇಳಿದೆ.

ಅವನು ನೀರನ್ನು ತೋರಿಸಿದ. ಅಪ್ಪ ಹೋದ ಮೇಲೆ ಅವನೂ ಅಕ್ಕನೂ ಅಮ್ಮನೊಡನೆ ಬಲೆ ಎಳೆದು ಸಿಗಡಿಮರಿ ಹಿಡಿಯುತ್ತಿದ್ದರಂತೆ. "ನೀರಿನ ಹೊತ್ತು ದಿನಾ ಮುಕ್ಕಾಲು ಗಂಟೆ, ಒಂದು ಗಂಟೆ ಮುಂದೆ ಹೋಗುತ್ತದೆ. ಒಂದು ವಾರ ಶಾಲೆಗೆ ಮೊದಲೇ ಕೆಲಸ ಮುಗಿಯುತ್ತದೆ. ಆಮೇಲಿನ ವಾರ ಶಾಲೆಯ ಹೊತ್ತಿಗೇ ಬರುತ್ತದೆ. ಆ ವಾರ ಹೋಗಲಾಗುವುದಿಲ್ಲ. ಮತ್ತೆ ಹೋದರೆ ಪಾಠ ಮುಂದೆ ಹೋಗಿರುತ್ತದೆ, ಮಾಸ್ಟರು ಬೈಯುತ್ತಾರೆ." ಇಷ್ಟು ಹೇಳಿ, ದಂಡೆಯ ಕೆಸರಿನ ಕಡೆ ಕೈ ಮಾಡಿ, "ಅದೋ ಮಾಮಾ ಹೋದ ಗುರುತು" ಎಂದ. ನೀರಂಚಿನಿಂದ ಕಾಡಿನವರೆಗೆ ತಟ್ಟೆಯಗಲದ ಹೆಜ್ಜೆಗಳು. ಗುರುತಿನ ಅಂಚು ಇನ್ನೂ ಕುಸಿದಿಲ್ಲ, ಒಳಗೆ ಹೂಳು ಕೂತಿಲ್ಲ. ಆದ್ದರಿಂದ ನೀರು ಇಳಿದ ಮೇಲೆ, ಅಂದರೆ ಬೆಳಕು ಹರಿಯುವ ಹೊತ್ತಿಗೆ ದಾಟಿದೆ ಎಂದು ವಿವರಿಸಿದ. ಎಲ್ಲರೂ ಕ್ಯಾಮೆರಾ ಹಿಡಿದು ಒಂದೇ ಬದಿಗೆ ನುಗ್ಗಿದ್ದರಿಂದ ಲಾಂಚು ವಾಲಿತು. ನಾನು ಕುಳಿತಲ್ಲೇ ಕುಳಿತಿದ್ದೆ. ನನ್ನ ಮನಸ್ಸು ಆ ಹೊತ್ತಿಗೆ ಅಘನಾಶಿನಿಯ ದಂಡೆಯ ಒಂದು ತರಗತಿಗೆ ಹೋಗಿತ್ತು.

ಎಂಬತ್ತರ ದಶಕದ ಮಾತು. ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ, ಆ ವರ್ಷದವರಿಗೆ ಗೊತ್ತಾಗುತ್ತದೆ. ಲೆಕ್ಕದಲ್ಲಿ ಚುರುಕು. ಆದರೆ ಐದಾರು ದಿನ ಬಂದರೆ ಐದಾರು ದಿನ ಬರುತ್ತಿರಲಿಲ್ಲ. ಏಕೆಂದರೆ, "ಹೊಳೆಯಲ್ಲಿ ನೀರು ಇಳಿದಿತ್ತು ಸರ್, ಬಳಚು ತೆಗೆಯಲು ಹೋಗಿದ್ದೆ" ಎನ್ನುತ್ತಿದ್ದ. ದಿನವೂ ಎರಡು ಸಲ ಇಳಿಯುವ ನೀರು ನಿನ್ನ ಶಾಲೆಯ ಹೊತ್ತಿಗೇ ಇಳಿಯುತ್ತದೆಯೋ ಎಂದು ಗದರಿಸಿ ಬೆತ್ತದಿಂದ ಹೊಡೆದೆ. ಒಂದು ಸಲವಲ್ಲ. ಅದೇ ವಾರ ಚಂದ್ರನ ಆಕರ್ಷಣೆ, ಉಬ್ಬರ-ಇಳಿತಗಳ ಪಾಠ ಮಾಡಿದ್ದೆ. ಇಳಿತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆಂದು ಬರೆಸಿ, ಕೆಳಗೆ ಗೆರೆ ಎಳೆಸಿದ್ದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಗೈರುಹಾಜರಿಗಳು ಹದಿನೈದು ದಿನಗಳಿಗೊಮ್ಮೆ ಸಾಲಾಗಿ ಬರುತ್ತಿದ್ದವು. ಆ ಪುಸ್ತಕವನ್ನು ನಿತ್ಯ ಬರೆಯುತ್ತಿದ್ದವನು ನಾನೇ. ನನ್ನ ಪಾಠವೇ ನನ್ನ ಕೈಯಲ್ಲಿದ್ದರೂ ಓದಲಿಲ್ಲ. ಅವನು ಹತ್ತನೆಯದಕ್ಕೆ ಬರಲಿಲ್ಲ.

ಮಾಶಿಯ ಮಗನಿಗೆ ನಾನು ಬುದ್ಧಿ ಹೇಳಲಿಲ್ಲ. ಬಿಟ್ಟ ಪರೀಕ್ಷೆಯನ್ನು ಮುಕ್ತ ಶಾಲೆಯ ಮೂಲಕ ಕಟ್ಟಲು ಸಾಧ್ಯವಿದೆಯೆಂದು, ವಿಚಾರಿಸಿ ಹೇಳುವ ಹೊಣೆಯನ್ನು ನನ್ನ ಶಿಷ್ಯನಿಗೆ ಒಪ್ಪಿಸಿದೆ. ಹೊರಡುವಾಗ ಆಕೆ ಹಳೆಯ ಬಾಟಲಿಯೊಂದರಲ್ಲಿ ಜೇನು ಕೊಟ್ಟಳು. ಅಲ್ಲಿ ಜೇನು ಕೀಳಲು ಹೋಗುವವರಿಗೆ 'ಮೌಲೆ' ಎನ್ನುತ್ತಾರೆ. ಅವರು ಕಾಡಿನಲ್ಲಿರುವಷ್ಟು ದಿನ ಮನೆಯಲ್ಲಿ ಹೆಂಡತಿಯರು ತಲೆಗೆ ಎಣ್ಣೆ ಹಚ್ಚದೆ, ಸಿಂಗರಿಸಿಕೊಳ್ಳದೆ ಇರುತ್ತಾರಂತೆ. ನಮ್ಮ ಮನೆಯಲ್ಲಿ ಆ ಬಾಟಲಿ ಬಹುಕಾಲ ಇತ್ತು. ದೋಸೆಗೆ ಹಾಕಿಕೊಳ್ಳಲು ಮನಸ್ಸು ಬಾರದೆ, ಕೊನೆಗೆ ಮೊಮ್ಮಗಳೇ ಅದನ್ನು ಮುಗಿಸಿದಳು.

2020ರ ಮೇ 20ರಂದು ಅಂಫಾನ್ ಚಂಡಮಾರುತ ಸುಂದರಬನದ ಮೇಲೆ ಹಾಯ್ದಿತು. 2009ರ ಆಯಿಲಾದಲ್ಲಿ ಕಟ್ಟು ಒಡೆದು ಉಪ್ಪುನೀರು ನುಗ್ಗಿದ ಗದ್ದೆಗಳಲ್ಲಿ ವರ್ಷಗಟ್ಟಲೆ ಬೆಳೆಯಿರಲಿಲ್ಲವೆಂದು ಮಾರ್ಗದರ್ಶಕ ಹೇಳಿದ್ದ. ಗಜನಿ ಕಟ್ಟು ಒಡೆದರೆ ಏನಾಗುತ್ತದೆಂದು ನಮ್ಮ ಹೊಳೆಸಾಲಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಕಗ್ಗ ಭತ್ತವಾದರೂ ಉಪ್ಪು ತಡೆದೀತು. ಹತ್ತು ದಿನ ಶಿಷ್ಯನಿಗೂ ಅಲ್ಲಿಯ ಸುದ್ದಿ ಸಿಗಲಿಲ್ಲ. ಆಮೇಲೆ ತಿಳಿಯಿತು: ಮಾಶಿಯ ಮನೆಯ ಚಾವಣಿ ಹೋಗಿದೆ, ಜೀವಕ್ಕೆ ಏನೂ ಆಗಿಲ್ಲ, ಹುಡುಗ ಕಟ್ಟು ಕಟ್ಟುವ ಕೆಲಸದಲ್ಲಿದ್ದಾನೆ. ಪರೀಕ್ಷೆಯ ವಿಷಯ ಕೇಳಲು ನನಗೆ ಬಾಯಿ ಬರಲಿಲ್ಲ. ಕಾಂಡ್ಲಾ ಕಾಡು ಇದ್ದುದರಿಂದ ಗಾಳಿಯ ಹೊಡೆತ ಎಷ್ಟೋ ತಗ್ಗಿತೆಂದು ಪತ್ರಿಕೆಗಳು ಬರೆದವು. 2022ರ ಗಣತಿಯ ಪ್ರಕಾರ ನಮ್ಮ ಭಾಗದ ಆ ಕಾಡಿನಲ್ಲಿ ಸುಮಾರು ನೂರು ಹುಲಿಗಳಿವೆ. ಕಾಡಿದ್ದರೆ ಹುಲಿ, ಹುಲಿಯಿದ್ದರೆ ಕಾಡು ಎಂದು ನಾನೇ ಕಲಿಸಿದ್ದೆ, ಅದು ಸುಳ್ಳಲ್ಲ. ಮಾಶಿಯೂ ಹುಲಿಯನ್ನು ಕೊಲ್ಲಬೇಕೆಂದು ಒಮ್ಮೆಯೂ ಹೇಳಲಿಲ್ಲ. ಆದರೆ ಈಗ ಆ ವಾಕ್ಯವನ್ನು ಬರೆಸಬೇಕಾದರೆ ನಾನು ಸ್ವಲ್ಪ ತಡವರಿಸುತ್ತಿದ್ದೆನೇನೋ.

2024ರಲ್ಲಿ ನಮ್ಮ ಅಘನಾಶಿನಿಯ ಅಳಿವೆಯೂ ರಾಮ್ಸಾರ್ ಪಟ್ಟಿಗೆ ಸೇರಿತು. ಸುಂದರಬನ 2019ರಲ್ಲೇ ಸೇರಿತ್ತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ವಾರವೇ ಮನಸ್ಸು ಗಟ್ಟಿಮಾಡಿ ಆ ಹಳೆಯ ವಿದ್ಯಾರ್ಥಿಯ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಅವನ ಹೆಂಡತಿ, "ಮನೆಯಲ್ಲಿಲ್ಲ ಮಾಸ್ತರೇ, ನೀರು ಇಳಿದಿದೆ, ಹೊಳೆಗೆ ಹೋಗಿದ್ದಾರೆ" ಎಂದಳು. ಕುರ್ಚಿ ಹಾಕಿ, ಬೆಲ್ಲ-ನೀರು ಕೊಟ್ಟಳು. ಒಂದೂವರೆ ಗಂಟೆ ಕುಳಿತೆ. ಮನೆಯ ಹಿಂದೆ ಕಾಂಡ್ಲಾ ಗಿಡಗಳ ಉಸಿರುಬೇರುಗಳು ಒಂದೊಂದಾಗಿ ನೀರಿನಲ್ಲಿ ಮುಳುಗತೊಡಗಿದಾಗ ಅವನು ಬುಟ್ಟಿ ಹೊತ್ತು ಬಂದ. ತಲೆ ನರೆತಿತ್ತು. ನನ್ನನ್ನು ನೋಡಿ ಗಾಬರಿಯಿಂದ ಬುಟ್ಟಿ ಇಳಿಸಿ, ಕೆಸರುಗೈಯಲ್ಲೇ ಕಾಲು ಮುಟ್ಟಲು ಬಗ್ಗಿದ. ನಾನು ಹೇಳಬೇಕಾದುದನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅದೆಲ್ಲ ನೆನಪಿಲ್ಲ ಸರ್" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಮಾಸ್ತರರು ಬಳಚು ತಿನ್ನುವುದಿಲ್ಲ, ಒಂದು ಚೀಲದಲ್ಲಿ ಕಗ್ಗದಕ್ಕಿ ಹಾಕಿಕೊಡು" ಎಂದ.